ಜಾಂಗೋದಲ್ಲಿ ನಲ್‌ಗೆ ಜಾಗ ಸಿಕ್ಕ ಬಗೆ

ಡೇಟಾಬೇಸಿನಲ್ಲಿ ನಲ್ ಎಂದರೆ ಸೊನ್ನೆಯಲ್ಲ, ಬೆಲೆಯೇ ಗೊತ್ತಿಲ್ಲ ಎಂಬ ಗುರುತು. ಗೊತ್ತಿಲ್ಲದ್ದನ್ನು ದೊಡ್ಡದು, ಚಿಕ್ಕದು ಎನ್ನಲು ಬರುವುದಿಲ್ಲ. ಆದರೂ ಸಾಲುಗಳನ್ನು ಜೋಡಿಸುವಾಗ ಅದನ್ನು ಎಲ್ಲಾದರೂ ಕೂರಿಸಲೇಬೇಕು. ಹಳೆಯ ಎಸ್‌ಕ್ಯುಎಲ್ ಮಾನದಂಡ ನಲ್‌ಗಳೆಲ್ಲ ಒಂದೇ ತುದಿಯಲ್ಲಿರಲಿ ಎಂದಿತು, ಯಾವ ತುದಿ ಎಂಬುದನ್ನು ಡೇಟಾಬೇಸ್ ತಯಾರಕರಿಗೆ ಬಿಟ್ಟಿತು. ಪೋಸ್ಟ್‌ಗ್ರೆಸ್ ಮತ್ತು ಒರಾಕಲ್ ಅದನ್ನು ಎಲ್ಲಕ್ಕಿಂತ ದೊಡ್ಡದೆಂದು ಬಗೆದವು. ಮೈಎಸ್‌ಕ್ಯುಎಲ್, ಎಸ್‌ಕ್ಯುಲೈಟ್ ಎಲ್ಲಕ್ಕಿಂತ ಚಿಕ್ಕದೆಂದವು.

ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನ ಪತ್ರಿಕಾಲಯವೊಂದರಲ್ಲಿ ಹುಟ್ಟಿ 2005ರಲ್ಲಿ ಸಾರ್ವಜನಿಕವಾದ ವೆಬ್ ಫ್ರೇಮ್‌ವರ್ಕ್ ಜಾಂಗೋ, ಒಂದೇ ಪೈಥಾನ್ ಕೋಡನ್ನು ಈ ಎಲ್ಲ ಡೇಟಾಬೇಸುಗಳ ಮೇಲೂ ಓಡಿಸಿತು. ನಲ್ ವಿಷಯದಲ್ಲಿ ಮಾತ್ರ ಅದು ಡೇಟಾಬೇಸು ಕೊಟ್ಟ ಕ್ರಮವನ್ನೇ ದಾಟಿಸುತ್ತಿತ್ತು. ಸುದ್ದಿತಾಣವೊಂದರ ಲೇಖನಗಳ ಪಟ್ಟಿಯನ್ನೇ ನೋಡಬಹುದು. ಹೊಸದು ಮೇಲೆ ಬರಲೆಂದು ಪ್ರಕಟಣೆಯ ದಿನಾಂಕದ ಫೀಲ್ಡಿನ ಮುಂದೆ ಮೈನಸ್ ಹಾಕಿದರೆ, ಲ್ಯಾಪ್‌ಟಾಪಿನ ಎಸ್‌ಕ್ಯುಲೈಟ್‌ನಲ್ಲಿ ದಿನಾಂಕವಿಲ್ಲದ ಕರಡುಗಳು ತಳದಲ್ಲಿ ಸುಮ್ಮನಿರುತ್ತಿದ್ದವು. ಸರ್ವರಿನ ಪೋಸ್ಟ್‌ಗ್ರೆಸ್‌ಗೆ ಹೋದದ್ದೇ ತಡ, ಅದೇ ಕರಡುಗಳು ಪಟ್ಟಿಯ ನೆತ್ತಿಗೇರುತ್ತಿದ್ದವು. ಕೋಡಿನಲ್ಲಿ ಒಂದಕ್ಷರವೂ ಬದಲಾಗಿರುತ್ತಿರಲಿಲ್ಲವಾದ್ದರಿಂದ ದೋಷ ಹುಡುಕುವವರು ಬೇರೆಲ್ಲೋ ತಡಕಾಡುತ್ತಿದ್ದರು.

ಆ ಕಾಲದ ಉಪಾಯಗಳು ಒಂದಕ್ಕಿಂತ ಒಂದು ವಿಚಿತ್ರ. ‘ಎಕ್ಸ್‌ಟ್ರಾ’ ಎಂಬ ಮೆಥಡ್ ಮೂಲಕ ಕೈಬರಹದ ಎಸ್‌ಕ್ಯುಎಲ್ ತುರುಕಿ, ‘ದಿನಾಂಕ ನಲ್ ಹೌದೋ ಅಲ್ಲವೋ’ ಎಂಬ ಕಾಲಮ್ಮೊಂದನ್ನು ಹುಟ್ಟಿಸಿ, ಮೊದಲು ಅದರ ಪ್ರಕಾರ ಜೋಡಿಸುವುದು ಒಂದು. ಎಣಿಸುವ ಕೌಂಟ್ ಫಂಕ್ಷನ್ ನಲ್ಲನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂಬುದನ್ನೇ ಬಳಸಿ ಸೊನ್ನೆ–ಒಂದು ಪಡೆಯುವುದು ಇನ್ನೊಂದು. ಜಾಣತನವೇನೋ ಸರಿ, ಆದರೆ ಅದಕ್ಕೆ ಅನಗತ್ಯ ಗ್ರೂಪ್ ಬೈ ತಗುಲಿಕೊಳ್ಳುತ್ತಿತ್ತು. ಎಲ್ಲ ಸಾಲುಗಳನ್ನೂ ಪೈಥಾನಿಗೆ ಎಳೆದು ಜೋಡಿಸುವವರೂ ಇದ್ದರು. ನಲ್‌ಗೆ ಪೈಥಾನಿನಲ್ಲಿರುವ ರೂಪವಾದ ‘ನನ್’ ಅನ್ನು ಪೈಥಾನ್ 2 ಸಂಖ್ಯೆ, ಪಠ್ಯಗಳಿಗಿಂತ ಚಿಕ್ಕದೆಂದು ಸದ್ದಿಲ್ಲದೆ ಒಪ್ಪುತ್ತಿತ್ತು. ಪೈಥಾನ್ 3 ಅದನ್ನು ಅವುಗಳೊಡನೆ ಹೋಲಿಸಿದೊಡನೆ ಟೈಪ್ ಎರರ್ ಕೊಡತೊಡಗಿತು. 2015ರ ಜಾಂಗೋ 1.8ರಲ್ಲಿ ಬಂದ ಕೋಅಲೆಸ್ ಎಂಬ ಫಂಕ್ಷನ್ನಿನಿಂದ ನಲ್ ಇದ್ದಲ್ಲಿ 9999ನೇ ಇಸವಿಯಂಥ ಸುಳ್ಳು ದಿನಾಂಕ ತುಂಬುವುದು ಸುಲಭವಾಯಿತು. ಸುಲಭ, ಆದರೆ ಅಂದವಲ್ಲ.

ನೇರವಾದ ದಾರಿ ಸಿಕ್ಕಿದ್ದು 2017ರ ಏಪ್ರಿಲ್‌ನಲ್ಲಿ, ಜಾಂಗೋ 1.11ರೊಂದಿಗೆ. ಫೀಲ್ಡನ್ನು ಸೂಚಿಸುವ ಎಫ್ ಎಕ್ಸ್‌ಪ್ರೆಶನ್ನಿನ ಏರಿಕೆ, ಇಳಿಕೆಯ ಮೆಥಡ್‌ಗಳು ‘ನಲ್ಸ್ ಫಸ್ಟ್’, ‘ನಲ್ಸ್ ಲಾಸ್ಟ್’ ಎಂಬ ಆಯ್ಕೆಗಳನ್ನು ಪಡೆದವು. ಪೋಸ್ಟ್‌ಗ್ರೆಸ್‌ನಲ್ಲಿ 2008ರ 8.3 ಆವೃತ್ತಿಯಿಂದಲೇ ಇದ್ದ ಸೌಲಭ್ಯವಿದು. ಫ್ರೇಮ್‌ವರ್ಕಿಗೆ ಬರಲು ಒಂಬತ್ತು ವರ್ಷ ಹಿಡಿಯಿತು. ಇಂಥ ಸೂತ್ರವೇ ಇಲ್ಲದ ಮೈಎಸ್‌ಕ್ಯುಎಲ್‌ಗೆ ಜಾಂಗೋ ಅದೇ ಹಳೆಯ ‘ನಲ್ ಹೌದೋ ಅಲ್ಲವೋ’ ತಂತ್ರವನ್ನು ತೆರೆಮರೆಯಲ್ಲಿ ಬರೆಯುತ್ತದೆ. ಮೈನಸ್ ಹಾಕಿ ಬರೆಯುವ ಚಿಕ್ಕ ರೂಪಕ್ಕೆ ಮಾತ್ರ ಈ ಆಯ್ಕೆ ಇಂದಿಗೂ ಇಲ್ಲ. ಮಾಡೆಲ್‌ನ ಮೆಟಾದಲ್ಲೇ, ಅಂದರೆ ಅದರ ರೂಢಿಯ ಕ್ರಮವನ್ನು ಹೇಳುವ ಜಾಗದಲ್ಲೇ, ಎಕ್ಸ್‌ಪ್ರೆಶನ್ ಬರೆಯಲು ಜಾಂಗೋ 2.0 ಬರಬೇಕಾಯಿತು.

ಹೊಸ ಆಯ್ಕೆಯಲ್ಲೂ ಒಂದು ತೊಡಕಿತ್ತು. ‘ನಲ್ಸ್ ಫಸ್ಟ್’ಗೆ ಫಾಲ್ಸ್ ಕೊಟ್ಟರೆ ನಲ್‌ಗಳು ಕೊನೆಗೆ ಹೋಗುತ್ತವೆಂದು ಓದುವವರಿಗೆ ಅನಿಸುವುದು ಸಹಜ; ನಿಜದಲ್ಲಿ ಏನೂ ಆಗದೆ ಡೇಟಾಬೇಸಿನ ರೂಢಿಯೇ ಮುಂದುವರಿಯುತ್ತಿತ್ತು. 2022ರ ಜಾಂಗೋ 4.1 ಹಾಗೆ ಫಾಲ್ಸ್ ಕೊಡುವುದನ್ನು ಬಿಡುವಂತೆ ಎಚ್ಚರಿಸಿತು, 5.0 ತಿರಸ್ಕರಿಸಿತು.

ವೇಗದ ಪ್ರಶ್ನೆ ಬೇರೆಯೇ. ಪೋಸ್ಟ್‌ಗ್ರೆಸ್‌ನ ಸಾಮಾನ್ಯ ಇಂಡೆಕ್ಸ್ ನಲ್‌ಗಳನ್ನು ಕೊನೆಯಲ್ಲಿಡುತ್ತದೆ. ಇಳಿಕೆ ಕ್ರಮಕ್ಕೆ ಅದನ್ನೇ ಹಿಂದುಮುಂದಾಗಿ ಓದಿದರೆ ಅವು ಮೊದಲಿಗೆ ಬರುತ್ತವೆ. ಆದ್ದರಿಂದ ಹೊಸ ಲೇಖನ ಮೇಲೆ, ಕರಡು ಕೊನೆಗೆ ಎಂಬ ಜೋಡಣೆಗೆ ಅದು ಒದಗುವುದಿಲ್ಲ. ದೊಡ್ಡ ಟೇಬಲ್ಲಾದರೆ ಅದೇ ಕ್ರಮದ ಇನ್ನೊಂದು ಇಂಡೆಕ್ಸ್ ಕಟ್ಟಬೇಕು.