ಹೀರೇಕಾಯಿಯ ನಂಟು

ಅಡುಗೆಮನೆಯ ಹೊಣೆ ಹೊತ್ತ ಗೃಹಿಣಿಯರೆಲ್ಲ ಒಪ್ಪುವ ಮಾತೊಂದಿದೆ. ಅಡುಗೆಯ ರುಚಿ ಒಲೆಯ ಮೇಲೆ ಹುಟ್ಟುವುದಕ್ಕಿಂತ ಮೊದಲು ತರಕಾರಿ ಆರಿಸುವ ಕೈಯಲ್ಲಿ ಹುಟ್ಟುತ್ತದೆ. ಬೆಂಡೆಯ ತುದಿ ಮುರಿದು ನೋಡುವುದು, ಸೋರೆಕಾಯಿಗೆ ಉಗುರು ತಾಗಿಸಿ ಎಳೆಯದೋ ಬಲಿತದ್ದೋ ಎಂದು ತಿಳಿಯುವುದು, ಬದನೆಯ ತೊಟ್ಟು ನೋಡಿ ಕೊಯ್ದು ಎಷ್ಟು ದಿನವಾಯಿತೆಂದು ಲೆಕ್ಕ ಹಾಕುವುದು, ಇವನ್ನೆಲ್ಲ ನನಗೆ ಕಲಿಸಿದವರು ನಮ್ಮ ಅತ್ತೆಯವರು. ಮೈಸೂರಿನಿಂದ ಹುಣಸೂರು ರಸ್ತೆಯಲ್ಲಿ ಸುಮಾರು 15 ಕಿಲೋಮೀಟರು ದೂರದ ಇಲವಾಲ ನಮ್ಮ ಊರು. ಸುತ್ತಲಿನ ಹಳ್ಳಿಯವರು ನಸುಕಿನಲ್ಲಿ ಕೊಯ್ದ ಸೊಪ್ಪು, ನಾವು ಪೂಜೆ ಮುಗಿಸಿ ಏಳುವ ಹೊತ್ತಿಗೆ ಬಾಗಿಲಿಗೆ ಬಂದಿರುತ್ತಿತ್ತು. ಹಬ್ಬ ಹುಣ್ಣಿಮೆಗಳಲ್ಲಿ ಮಾತ್ರ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗುತ್ತಿದ್ದೆವು. ಹೀಗೆ 40 ವರ್ಷ ತರಕಾರಿ ಆರಿಸಿದ ನನ್ನ ಕೈಗೆ ಸಮುದ್ರದಾಚೆಯ ಚೀನೀಯರ ಅಂಗಡಿಯೊಂದರಲ್ಲಿ ಕೆಲಸ ಒದಗಿದ ಸಂಗತಿಯನ್ನು ಓದುಗ ಸೋದರಿಯರಲ್ಲಿ ಹಂಚಿಕೊಳ್ಳಬೇಕೆನಿಸಿದೆ.

2018ರ ಜುಲೈ ತಿಂಗಳಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಹೋದೆ. ಮಗಳು ಅಳಿಯ ವಾಸವಾಗಿದ್ದುದು ನಗರದ ಪಶ್ಚಿಮಕ್ಕೆ, ಸಮುದ್ರದ ಮಗ್ಗುಲಿನ ಸನ್‌ಸೆಟ್ ಎಂಬ ಬಡಾವಣೆಯಲ್ಲಿ. ಸೂರ್ಯಾಸ್ತದ ಹೆಸರಿಟ್ಟುಕೊಂಡ ಆ ಬಡಾವಣೆಯಲ್ಲಿ ಬೇಸಿಗೆಯ ಮಂಜಿನ ದೆಸೆಯಿಂದ ಸೂರ್ಯನ ಉದಯವನ್ನೂ ಕಾಣಲಿಲ್ಲ, ಅಸ್ತವನ್ನೂ ಕಾಣಲಿಲ್ಲ. ಹೆರಿಗೆ ಕಷ್ಟವಾಗಿ ಶಸ್ತ್ರಚಿಕಿತ್ಸೆಯೇ ಆಗಬೇಕಾಯಿತು. ಹೆಣ್ಣು ಕೂಸು ಗಟ್ಟಿಯಾಗಿತ್ತು. ಮಗಳು ಮಾತ್ರ ಸೊರಗಿಹೋಗಿದ್ದಳು. ಊಟ ಸೇರದು, ಹಾಲು ಸಾಲದು, ಕೂಸು ರಾತ್ರಿಯೆಲ್ಲ ಅಳುವುದು. ಒಣಶುಂಠಿ, ಕರಿಮೆಣಸು, ಜೀರಿಗೆ ಎಲ್ಲವನ್ನೂ ನಾನು ಊರಿನಿಂದಲೇ ಕಟ್ಟಿಕೊಂಡು ಹೋಗಿದ್ದೆ. ಆದರೆ ಹಸಿ ತರಕಾರಿಯನ್ನು ವಿಮಾನದಲ್ಲಿ ಹೊತ್ತೊಯ್ಯಲು ಬಿಡುವುದಿಲ್ಲವಲ್ಲ! ನಮ್ಮವರ ದೊಡ್ಡ ದಿನಸಿ ಅಂಗಡಿಗಳಿದ್ದುದು ಸುಮಾರು 60 ಕಿಲೋಮೀಟರು ಆಚೆಯ ಸನ್ನಿವೇಲ್ ಕಡೆಗೆ. ಅಳಿಯ ಶನಿವಾರ ಹೋಗಿ ತಂದ ಸೊಪ್ಪು ಸೋಮವಾರಕ್ಕೆ ಬಾಡುತ್ತಿತ್ತು. ಹತ್ತಿರದ ದೊಡ್ಡ ಅಮೆರಿಕನ್ ಅಂಗಡಿಯಲ್ಲಿ ಎಲ್ಲವೂ ಕನ್ನಡಿಯಂತೆ ಹೊಳೆಯುತ್ತಿದ್ದವು. ಹೀರೇಕಾಯಿ ಇಲ್ಲ, ದಂಟಿನ ಸೊಪ್ಪು ಇಲ್ಲ.

ಮನೆಯಿಂದ ಕೂಗಳತೆಯಲ್ಲಿ ಇರ್ವಿಂಗ್ ಎಂಬ ಬೀದಿ. ಅಲ್ಲಿ ಸಾಲಾಗಿ ಚೀನೀಯರ ತರಕಾರಿ ಅಂಗಡಿಗಳು. ಪಾದಚಾರಿಗಳ ದಾರಿಯ ಮೇಲೆಯೇ ಮರದ ಪೆಟ್ಟಿಗೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ರಟ್ಟಿನ ತುಂಡುಗಳ ಮೇಲೆ ದಪ್ಪ ಮಸಿಯಲ್ಲಿ ಚೀನೀ ಅಕ್ಷರಗಳನ್ನೂ ಬೆಲೆಯನ್ನೂ ಬರೆದಿದ್ದರು. ತೂಕ ಪೌಂಡಿನ ಲೆಕ್ಕ. ಒಂದು ಪೌಂಡೆಂದರೆ ಸುಮಾರು 454 ಗ್ರಾಂ. ಮೊದಲ ದಿನ ಅಲ್ಲಿ ನಿಂತಾಗ ತವರಿನವರನ್ನು ಕಂಡಷ್ಟು ಸಂತೋಷವಾಯಿತು. ಏಣು ಏಣಾದ ಹೀರೇಕಾಯಿ, ಹಾಗಲಕಾಯಿ, ಸೋರೆಕಾಯಿ, ಬೂದುಗುಂಬಳ, ಮಾರುದ್ದದ ಅಲಸಂದೆಕಾಯಿ, ಮೂಲಂಗಿ, ಬಸಳೆ! ನಡುವೆ ಕೆಂಪು ಬಣ್ಣ ಹರಡಿದ ಎಲೆಯ ದಂಟಿನ ಸೊಪ್ಪನ್ನು ಕಂಡಾಗಲಂತೂ ಕೈ ತಾನಾಗಿಯೇ ಮುಂದೆ ಹೋಯಿತು. ಸುತ್ತ ನನ್ನ ವಯಸ್ಸಿನವರೇ ಆದ ಚೀನೀ ಹೆಂಗಸರು ಗಾಲಿಯ ಚೀಲ ಎಳೆದುಕೊಂಡು ಬಂದು, ಒಂದೊಂದು ಕಾಯಿಯನ್ನೂ ತಿರುಗಿಸಿ ನೋಡಿ, ಉಗುರು ತಾಗಿಸಿ ಆರಿಸುತ್ತಿದ್ದರು. ನಮ್ಮ ಅತ್ತೆಯವರ ಪಾಠಶಾಲೆಗೆ ಅಲ್ಲಿಯೂ ಒಂದು ಶಾಖೆ ಇದ್ದಂತಿತ್ತು.

ಆದರೆ ಅಂಗಡಿಯ ಒಳಭಾಗದಲ್ಲಿ ಮೀನಿನ ತೊಟ್ಟಿಗಳಿದ್ದವು, ಮಾಂಸದ ಕಟ್ಟೆಯಿತ್ತು. ಬಾಗಿಲು ತೆರೆದಾಗಲೆಲ್ಲ ಆ ವಾಸನೆ ಹೊರಕ್ಕೆ ಬರುತ್ತಿತ್ತು. ಮಾಂಸ ಮಾರುವೆಡೆ ಉಪ್ಪನ್ನೂ ಕೊಳ್ಳಬಾರದೆಂಬ ಕಟ್ಟುನಿಟ್ಟಿನ ಮನೆಗೆ ಸೊಸೆಯಾಗಿ ಬಂದವಳು ನಾನು. ದಿನವೂ ಲಿಂಗಪೂಜೆ ಮಾಡಿ, ಲಿಂಗಕ್ಕೆ ಅರ್ಪಿಸಿದ್ದನ್ನೇ ಪ್ರಸಾದವೆಂದು ಸ್ವೀಕರಿಸುವವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಇಲವಾಲದಿಂದ ದೂರವಾಣಿಯಲ್ಲಿ ಮಾತನಾಡಿದ ನನ್ನ ಓರಗಿತ್ತಿಯಂತೂ, "ಮೂರು ತಿಂಗಳು ಬೇಳೆ ಸಾರಿನಲ್ಲೇ ಕಳೆಯಬಾರದೇನಕ್ಕ?" ಎಂದಳು. ನಾನು ಕಳೆಯಬಲ್ಲೆ, ಹಸಿ ಬಾಣಂತಿ ಕಳೆಯುವುದು ಹೇಗೆ? ಆ ಸೊಪ್ಪು ಮಣ್ಣಿನಲ್ಲಿ ಬೆಳೆದದ್ದು, ಯಾರೋ ಬೆವರು ಸುರಿಸಿ ಕೊಯ್ದದ್ದು. ಅಂಗಡಿಯವರ ಊಟ ಅವರದು, ನಮ್ಮ ಎಡೆ ನಮ್ಮದು. ಕಾಯಕದಿಂದ ಬಂದುದನ್ನು ಮಾರುವವನ ಮುಖ ನೋಡಿ ಅಳೆಯುವುದು ಶರಣರ ದಾರಿಯಲ್ಲವೆಂದು ನನಗೆ ತೋರಿತು. ಹೊರಗಿನ ಪೆಟ್ಟಿಗೆಗಳಿಂದಲೇ ಆರಿಸುವುದು, ನಮ್ಮದೇ ಬಟ್ಟೆಯ ಚೀಲ ಒಯ್ಯುವುದು, ಮನೆಯಲ್ಲಿ ಅರಿಸಿನ ಉಪ್ಪಿನ ನೀರಿನಲ್ಲಿ ಮುಳುಗಿಸಿ ತೊಳೆದ ಮೇಲೆಯೇ ಒಲೆಯ ಬಳಿಗೆ ತರುವುದು ಎಂದು ನನಗೆ ನಾನೇ ಕ್ರಮ ಮಾಡಿಕೊಂಡೆ. ಅಲ್ಲಿದ್ದ ಆರು ತಿಂಗಳೂ ಆ ಕ್ರಮದಿಂದಲೇ ನೈವೇದ್ಯ ನಡೆಯಿತು.

ಅಂಗಡಿಯ ಹೊರಗೆ ಪುಟ್ಟ ಮಣೆಯೊಂದರ ಮೇಲೆ ಕುಳಿತು ಸೊಪ್ಪಿನ ಹಳದಿ ಎಲೆಗಳನ್ನು ಕೀಳುತ್ತಿದ್ದ ವೃದ್ಧೆಯೊಬ್ಬರಿದ್ದರು. ಅವರಿಗೆ ಇಂಗ್ಲಿಷ್ ಬಾರದು, ನನಗೂ ಅಷ್ಟಕ್ಕಷ್ಟೆ. ಒಂದು ದಿನ ಹೀರೇಕಾಯಿ ಆರಿಸುತ್ತಿದ್ದಾಗ, ಯಾರಿಗೆ ಎಂಬಂತೆ ಕೈಸನ್ನೆ ಮಾಡಿದರು. ಕೂಸನ್ನು ತೂಗುವಂತೆ ತೋಳು ಆಡಿಸಿ ತೋರಿಸಿದೆ. ಕೂಡಲೇ ಎದ್ದು ಬಂದು, ನಾನು ಆರಿಸಿದ್ದರಲ್ಲಿ ಎರಡನ್ನು ತೆಗೆದಿಟ್ಟು, ಕೆಳಗಿನ ಪೆಟ್ಟಿಗೆಯಿಂದ ಎಳೆಯ ಕಾಯಿಗಳನ್ನು ಹುಡುಕಿ ಕೊಟ್ಟರು. ಮೇಲೊಂದು ಶುಂಠಿಯ ತುಂಡು. ಹಣ ಪಡೆಯುವ ಹುಡುಗ ನಡುವೆ ನಿಂತು ತಿಳಿಸಿದ: ಅವರಲ್ಲಿಯೂ ಹೆರಿಗೆಯಾದವಳನ್ನು ಒಂದು ತಿಂಗಳು ಮನೆಯೊಳಗೇ ಇರಿಸುತ್ತಾರಂತೆ, ಅದಕ್ಕೆ ‘ತಿಂಗಳು ಕೂರುವುದು’ ಎಂಬ ಹೆಸರಂತೆ. ತಣ್ಣೀರು ಮುಟ್ಟುವಂತಿಲ್ಲ, ಗಾಳಿಗೆ ಒಡ್ಡಿಕೊಳ್ಳುವಂತಿಲ್ಲ, ಶುಂಠಿ ಹೆಚ್ಚಾಗಿ ತಿನ್ನಬೇಕು, ಹಾಲು ಕೂಡಲೆಂದು ಹೀರೇಕಾಯಿಯ ಸಾರು ಕುಡಿಯಬೇಕು. ಯಾವ ತರಕಾರಿ ಶೀತ, ಯಾವುದು ಉಷ್ಣ ಎಂಬ ಲೆಕ್ಕವೂ ಉಂಟು. ಬೂದುಗುಂಬಳ ತಂಪೆಂಬುದರಲ್ಲಿ ನಮಗೂ ಅವರಿಗೂ ಭೇದವಿಲ್ಲ. ಹೀರೇಕಾಯಿಯ ಸಿಪ್ಪೆಯನ್ನು ಎಸೆಯಬೇಕೆಂದು ಆ ವೃದ್ಧೆ ಸನ್ನೆ ಮಾಡಿದರು. ರುಬ್ಬುವಂತೆ ಕೈ ತಿರುಗಿಸಿ ನಾನು ಸಿಪ್ಪೆಯ ಚಟ್ನಿಯನ್ನು ವಿವರಿಸಿದೆ. ಅದನ್ನು ಅವರು ನಂಬಿದಂತೆ ಕಾಣಲಿಲ್ಲ.

ಆ ಕಾಯಿಗಳಿಂದ ಹೆಸರುಬೇಳೆ ಹಾಕಿ, ಮೆಣಸು ಜೀರಿಗೆಯ ಒಗ್ಗರಣೆ ಕೊಟ್ಟು ತೊವ್ವೆ ಮಾಡಿದೆ. ಮಗಳು ಎರಡು ವಾರದಲ್ಲಿ ಮೊದಲ ಬಾರಿಗೆ ಇನ್ನೊಂದು ತುತ್ತು ಕೇಳಿ ಹಾಕಿಸಿಕೊಂಡಳು. ಹೀರೇಕಾಯಿಯಿಂದಲೇ ಹಾಲು ಹೆಚ್ಚಿತೆಂದು ನಾನು ಹೇಳಲಾರೆ. ಕೂಸನ್ನು ಮತ್ತೆ ಮತ್ತೆ ಎದೆಗೆ ಹಚ್ಚಬೇಕೆಂದು ದಾದಿ ಹೇಳಿಕೊಟ್ಟದ್ದೂ ಅಷ್ಟೇ ಮುಖ್ಯ. ಆದರೆ ಊಟ ಸೇರಿತು, ನಿದ್ರೆ ಬಂದಿತು, ಮಗಳ ಮುಖದಲ್ಲಿ ಕಳೆ ಮರಳಿತು.

ಆ ಹುಡುಗನಿಂದ ತರಕಾರಿಗಳ ಹೆಸರನ್ನು ಕೇಳಿ ತಿಳಿಯುವುದು ನನಗೊಂದು ಚಟವಾಯಿತು. ಹೀರೇಕಾಯಿಗೆ ಅವರ ಮೂಲ ಹೆಸರು ‘ರೇಷ್ಮೆಕಾಯಿ’ ಎಂದು. ಆದರೆ ಅವರಾಡುವ ಕ್ಯಾಂಟನ್ ಕಡೆಯ ಮಾತಿನಲ್ಲಿ ಅದು ‘ಸೋಲು’ ಎಂಬುದಕ್ಕೆ ಹತ್ತಿರವಾಗಿ ಕೇಳಿಸುವುದರಿಂದ ‘ಸಿಂಗ್ ಗ್ವಾ’, ಅಂದರೆ ಗೆಲುವಿನ ಕಾಯಿ, ಎಂದು ಕರೆಯುತ್ತಾರೆ. ಅಕ್ಕಿ ಮುಗಿಯಿತೆನ್ನದೆ ತುಂಬಿತೆನ್ನುವ, ಹೋಗುತ್ತೇನೆನ್ನದೆ ಹೋಗಿ ಬರುತ್ತೇನೆನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಸೀಮೆಬದನೆ ಎನ್ನುವುದಕ್ಕೆ ಅವರ ಹೆಸರು ‘ಬುದ್ಧನ ಕೈ’; ಮುಗಿದ ಕೈಗಳಂತೆ ಕಾಣುವುದನ್ನು ನಾನು ಅಷ್ಟು ವರ್ಷ ಹೆಚ್ಚಿಯೂ ಗಮನಿಸಿರಲಿಲ್ಲ. ಅವರಲ್ಲಿ ‘ಸೀಮೆಬದನೆ’ ಎಂಬ ಅರ್ಥದ ಹೆಸರಿರುವುದು ಟೊಮೇಟೊಗೆ. ಸಿಹಿಗುಂಬಳ ನಮ್ಮ ಮಲೆನಾಡಿನಲ್ಲಿ ‘ಚೀನಿಕಾಯಿ’. ಚೀನೀಯರಿಗೆ ಅದು ‘ದಕ್ಷಿಣದ ಕಾಯಿ’. ಅದರ ಹುಟ್ಟೂರೋ ಅಮೆರಿಕ ಖಂಡ!

ಆ ಬೀದಿಯ ತರಕಾರಿಯ ಹಿಂದೆ ಇದ್ದ ಕಥೆ ಅಳಿಯ ಗ್ರಂಥಾಲಯದಿಂದ ತಂದ ಪುಸ್ತಕಗಳಿಂದ ತಿಳಿಯಿತು. ಕ್ಯಾಲಿಫೋರ್ನಿಯದಲ್ಲಿ 1848ರಲ್ಲಿ ಚಿನ್ನ ದೊರೆತ ಮೇಲೆ ಸಾವಿರಾರು ಚೀನೀಯರು ಬಂದರು. ಚಿನ್ನದ ಆಸೆ ಕೈಗೂಡದೆ, 1869ರಲ್ಲಿ ಖಂಡವನ್ನು ಹಾಯುವ ರೈಲು ಹಾದಿಯ ಕೆಲಸವೂ ಮುಗಿದ ಮೇಲೆ, ಬಹಳ ಮಂದಿ ತರಕಾರಿ ಬೆಳೆದು ಬದುಕಿದರು. ಹೆಗಲ ಮೇಲೆ ಅಡ್ಡೆ ಹೊತ್ತು, ಎರಡು ಬುಟ್ಟಿ ತೂಗುಹಾಕಿ, ಮನೆ ಮನೆಗೆ ಮಾರಿದರು. ಅದನ್ನೂ ಸಹಿಸದೆ, 1870ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರ ಅಡ್ಡೆ ಹೊತ್ತವರು ಪಾದಚಾರಿಗಳ ದಾರಿಯಲ್ಲಿ ನಡೆಯಕೂಡದೆಂದು ಕಟ್ಟಳೆ ಮಾಡಿತು. 1882ರಲ್ಲಿ ಚೀನೀ ಕೂಲಿಕಾರರು ದೇಶದೊಳಕ್ಕೆ ಬರುವುದನ್ನೇ ಕಾನೂನು ತಡೆಯಿತು. ಅದು ರದ್ದಾದದ್ದು 1943ರಲ್ಲಿ. 1913ರ ಕ್ಯಾಲಿಫೋರ್ನಿಯದ ಕಾನೂನಿನ ಪ್ರಕಾರ, ಪೌರತ್ವ ಪಡೆಯಲು ಅನರ್ಹರೆಂದು ಎಣಿಸಲಾದ ಏಷ್ಯನ್ನರು ಬೇಸಾಯದ ಭೂಮಿಯ ಒಡೆಯರಾಗುವಂತಿರಲಿಲ್ಲ. ಭೂಮಿಯ ಪ್ರಶ್ನೆ ಇಲವಾಲದವರಿಗೆ ಹೊಸದಲ್ಲ. 1957ರ ಸೆಪ್ಟೆಂಬರಿನಲ್ಲಿ ವಿನೋಬಾರವರ ಗ್ರಾಮದಾನ ಸಮ್ಮೇಳನ ನಡೆದು, ನೆಹರೂರವರೂ ಬಂದದ್ದು ನಮ್ಮೂರಿಗೇ. ತನ್ನದಾಗದ ಮಣ್ಣಿನಲ್ಲಿ ಬದನೆ ನೆಟ್ಟು ನೀರು ಹಾಯಿಸಿದವರ ಪಾಡನ್ನು ಓದುವಾಗ ನನಗೆ ಅದು ನೆನಪಾಯಿತು. 1965ರ ವಲಸೆ ಕಾನೂನು ಬಾಗಿಲು ತೆರೆದಾಗ ಅದೇ ಬಾಗಿಲಿನಿಂದ ಅವರೂ ಬಂದರು, ನಮ್ಮವರೂ ಹೋದರು. ಅಡ್ಡೆ ಹೊತ್ತವರಿಗೆ ಒಂದು ಕಾಲಕ್ಕೆ ನಿಷೇಧವಾಗಿದ್ದ ಆ ನಗರದ ಕಾಲುದಾರಿಯ ಮೇಲೆ ಇಂದು ಅವರ ಪೆಟ್ಟಿಗೆಗಳು ಕುಳಿತಿವೆ.

ನಾನು ಊರಿಗೆ ಮರಳಿದ ಮರುವರ್ಷ ಕಳೆಯುತ್ತಲೇ ಕೋವಿಡ್ ವ್ಯಾಧಿ ಬಂದಿತು. 2020ರ ಜೂನ್ 15ರಂದು ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದರು. ಆ ದಿನಗಳಲ್ಲಿ ನೆಂಟರ ಮನೆಯ ಸಮಾರಂಭವೊಂದರಲ್ಲಿ, "ನೀವು ಚೀನಾದವರ ಅಂಗಡಿಯದ್ದನ್ನು ತಿಂದು ಬಂದವರಲ್ಲವೇ" ಎಂದು ಒಬ್ಬರು ನಕ್ಕರು. ಮಡಿದ ಮಕ್ಕಳ ತಾಯಂದಿರನ್ನು ನೆನೆದು ನನಗೂ ಸಂಕಟವಾಗಿತ್ತು. ಆದರೆ ಗಡಿಯಲ್ಲಿ ಸೈನ್ಯ ನಿಲ್ಲಿಸುವ ಸರ್ಕಾರ ಬೇರೆ, ಮಣೆಯ ಮೇಲೆ ಕುಳಿತು ಹಳದಿ ಎಲೆ ಕೀಳುವ ಅಜ್ಜಿ ಬೇರೆ. ಇಷ್ಟನ್ನು ನಾನು ಅವರಿಗೆ ಎಲ್ಲರ ಮುಂದೆಯೇ ಹೇಳಿದೆ. ಅದೇ ಹೊತ್ತಿಗೆ ಸಮುದ್ರದಾಚೆ ಇನ್ನೊಂದು ಬಗೆಯ ದ್ವೇಷ ಹಬ್ಬಿತ್ತು. ವ್ಯಾಧಿ ತಂದವರು ಇವರೇ ಎಂದು ಏಷ್ಯಾದ ಮುಖದ ವೃದ್ಧರನ್ನು ಬೀದಿಯಲ್ಲಿ ಹೊಡೆಯುತ್ತಿದ್ದರು. ಆ ಅಜ್ಜಿ ಈಗ ಹೊರಗೆ ಕೂರುತ್ತಿಲ್ಲವೆಂದು 2021ರಲ್ಲಿ ಮಗಳು ತಿಳಿಸಿದಾಗ ಅಂದಿನ ಊಟ ರುಚಿಸಲಿಲ್ಲ. ಕೆಲವು ತಿಂಗಳ ಬಳಿಕ ಅವರು ಮತ್ತೆ ಮಣೆ ಹಾಕಿಕೊಂಡು ಕುಳಿತಿದ್ದಾರೆಂದೂ, ಮೊಮ್ಮಗಳ ಎತ್ತರವನ್ನು ಕೈಯಿಂದ ಅಳೆದು ನೋಡಿದರೆಂದೂ ಸುದ್ದಿ ಬಂದಿತು.

ಆ ಮೊಮ್ಮಗಳು ಐದು ವರ್ಷ ತುಂಬಿದ ಮೇಲೆ ಇಲವಾಲಕ್ಕೆ ಬಂದಳು. ಬಾಗಿಲಲ್ಲಿ ಇಳಿಸಿದ ಬುಟ್ಟಿಯನ್ನು ಕಂಡವಳೇ "ಸಿಂಗ್ ಗ್ವಾ!" ಎಂದು ಕೂಗಿದಳು.

"ಏನಂತಮ್ಮಾ ಕೂಸು?" ಎಂದಳು ತರಕಾರಿಯಾಕೆ.

"ಹೀರೇಕಾಯಿ ಬೇಕಂತೆ," ಎಂದೆ. "ಎಳೆಯದು ನೋಡಿ ಒಂದು ಕಿಲೋ ಹಾಕು."