ಹೆರಿಗೆಕೋಣೆಯ ಎಚ್ಚರ

ಅರಿವೆ ಅಂಗಡಿಯ ಗಲ್ಲೆಯಲ್ಲಿ ಕುಳಿತವನಿಗೆ ಹೆರಿಗೆಯ ವಿಚಾರವೇಕೆ ಎಂದು ಧರ್ಮಬಂಧುಗಳು ಕೇಳಿಯಾರು. ದತ್ತಿಯ ಹಣದಿಂದ ಚಿಕಿತ್ಸಾಲಯ ನಡೆಸುವವರ ಲೆಕ್ಕಪತ್ರ ನೋಡಿಕೊಡುವ ಕೆಲಸ ಮಂಗಳೂರಿನಲ್ಲಿ ನನಗೆ ಆಗಾಗ ಒದಗಿದೆ. ಅಲ್ಲಿ ವಿಶ್ವಸ್ತರು ಮೊದಲು ಕೇಳುವುದು, 'ದಾವೆ ಬಂದರೆ ನಮ್ಮ ಗತಿಯೇನು?' ಎಂದು. ತಾಯಿ-ಮಗುವಿನ ಗತಿಯೇನೆಂಬ ಪ್ರಶ್ನೆ ಅನಂತರ ಬರುತ್ತದೆ.

ಈ ಭಯಕ್ಕೆ ಆಧಾರವಿಲ್ಲದಿಲ್ಲ. 1995ರ ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು ವಿ. ಪಿ. ಶಾಂತಾ ಪ್ರಕರಣದಲ್ಲಿ ವೈದ್ಯಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುವುದೆಂದು ತೀರ್ಪಿತ್ತಿತು. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಚಿಕಿತ್ಸೆ ನೀಡುವ ಸಂಸ್ಥೆ ಅದರಿಂದ ಹೊರಗೆ. ಆದರೆ ಉಳ್ಳವರಿಂದ ಶುಲ್ಕ ಪಡೆದು ಬಡವರಿಗೆ ಉಚಿತ ಸೇವೆ ನೀಡುವಲ್ಲಿ ಆ ಬಡವರೂ ಗ್ರಾಹಕರೇ. ನಮ್ಮ ಟ್ರಸ್ಟ್‌ಗಳವರು ಇದನ್ನು ಗಮನಿಸಬೇಕು.

ಹೆರಿಗೆಯಲ್ಲಿ ಹೆಚ್ಚಿನ ಎಚ್ಚರ ಬೇಡುವ ಕಾಲವೆಂದರೆ ಗರ್ಭಕಂಠ ಪೂರ್ತಿ ತೆರೆದ ಮೇಲೆ ಮಗು ಹೊರಬರುವವರೆಗಿನದು, ತಾಯಿ ಮುಕ್ಕುವ ಹೊತ್ತು. ಚೊಚ್ಚಲಿಗೆ ಸಾಮಾನ್ಯವಾಗಿ 3 ಗಂಟೆಯೊಳಗೆ, ಮುಂದಿನವಕ್ಕೆ 2 ಗಂಟೆಯೊಳಗೆ ಅದು ಮುಗಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಪ್ರತಿ ಬೇನೆಯಲ್ಲೂ ಗರ್ಭಕೋಶ ಬಿಗಿದು ಮಗುವಿನ ಕಡೆಗಿನ ರಕ್ತಸಂಚಾರ ಕುಗ್ಗುತ್ತದೆ. ಬೇನೆ ಇಳಿದಾಗ ಮಗು ಚೇತರಿಸಿಕೊಳ್ಳುತ್ತದೆ. ಚೇತರಿಸಿತೋ ಇಲ್ಲವೋ ಎಂಬುದು ಹೃದಯಬಡಿತದಿಂದಲೇ ತಿಳಿಯಬೇಕಾದ್ದರಿಂದ ಅದನ್ನು 5 ನಿಮಿಷಕ್ಕೊಮ್ಮೆ ಆಲಿಸಬೇಕು. ತಾಯಿಗೆ ತಾನಾಗಿ ಒತ್ತಡ ಬಂದಾಗ ಮುಕ್ಕಿಸುವುದು, ಆಕೆ ಬಯಸಿದವರೊಬ್ಬರನ್ನು ಬಳಿ ಇರಗೊಡುವುದು, ವಾಡಿಕೆಯೆಂದು ಎಲ್ಲರಿಗೂ ಕೊಯ್ಯದಿರುವುದು, ಹೊಟ್ಟೆಯನ್ನು ಮೇಲಿನಿಂದ ಅದುಮದಿರುವುದು, ಇವೂ ಆ ಸೂಚನೆಗಳಲ್ಲಿವೆ.

ಈ ಅದುಮುವಿಕೆ ಇನ್ನೂ ನಿಂತಿಲ್ಲ. ನನ್ನ ತಂಗಿಯ ಸೊಸೆಗೆ ಒಂದು ಆಸ್ಪತ್ರೆಯಲ್ಲಿ (ಹೆಸರು ಬೇಡ) ಹಾಗೆಯೇ ಆಯಿತು. ಮಗು ಕ್ಷೇಮ, ತಾಯಿಗೆ ಆಳವಾದ ಹರಿತ. ಆಕೆಯ ದಾಖಲೆ ತರಿಸಿ ನೋಡಿದೆ. ನಾಲ್ಕು ತಾಸಿನ ವಿವರವೆಲ್ಲ ಒಂದೇ ಶಾಯಿ, ಒಂದೇ ಓಟದ ಬರವಣಿಗೆ! ನಲವತ್ತು ವರ್ಷ ರೋಜುಕೀರ್ದಿ ಬರೆದವನಿಗೆ, ದಿನದಿನ ಬರೆದ ಲೆಕ್ಕ ಯಾವುದು, ಕೊನೆಯಲ್ಲಿ ಕೂಡಿಸಿ ಬರೆದದ್ದು ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ನ್ಯಾಯಾಲಯದಲ್ಲಿ ವೈದ್ಯರನ್ನು ಕಾಯುವುದು ಆಗಿಂದಾಗ್ಗೆ ಗಳಿಗೆ ಸಹಿತ ಬರೆದ ಹಾಳೆಯೇ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮಾವಳಿ ವಿಧಿಸಿದೆ.

ಹಾಗೆಂದು ಫಲ ಕೆಟ್ಟಲ್ಲೆಲ್ಲ ವೈದ್ಯರನ್ನು ದೂರುವುದು ಸಲ್ಲದು. ವಿವೇಚನೆಯಲ್ಲಾದ ವ್ಯತ್ಯಾಸವೆಲ್ಲ ನಿರ್ಲಕ್ಷ್ಯವಲ್ಲ, ಕ್ರಿಮಿನಲ್ ಹೊಣೆಗೆ ಘೋರ ನಿರ್ಲಕ್ಷ್ಯವೇ ಬೇಕು ಎಂದು 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಅದೇ ನ್ಯಾಯಾಲಯ ನಿರ್ಣಯಿಸಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವೂ ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯ ಜತೆಗೆ ಪ್ರಮಾದವನ್ನು ಸೇರಿಸಿಯೇ ಹೇಳುತ್ತದೆ. ದಾವೆಗೆ ಹೆದರಿ ಬೇಡದಲ್ಲಿಯೂ ಶಸ್ತ್ರಕ್ರಿಯೆಗೆ ಕೈಹಾಕುವುದನ್ನು ಜಾಗರೂಕತೆಯೆಂದು ನಾನಂತೂ ಒಪ್ಪಲಾರೆ.

ಸರ್ಕಾರಿ ಹೆರಿಗೆಕೋಣೆಗಳಿಗಾಗಿ 2017ರಲ್ಲಿ ಕೇಂದ್ರ ಸರ್ಕಾರ 'ಲಕ್ಷ್ಯ' ಯೋಜನೆಯನ್ನು ತಂದಿತು. ಅದರ ಮಾನದಂಡಗಳನ್ನು ಖಾಸಗಿ ದತ್ತಿಸಂಸ್ಥೆಗಳೂ ತರಿಸಿ ಓದಬಹುದು. ಆಯವ್ಯಯ ಪಟ್ಟಿ ನನ್ನ ಮುಂದೆ ಬಂದಾಗ ನಾನು ಮೊದಲು ಹುಡುಕುವುದು ರಾತ್ರಿಪಾಳಿಯ ದಾದಿಯರ ಸಂಬಳದ ಸಾಲನ್ನು. ಅಲ್ಲಿ ಒಬ್ಬಳದೇ ಸಂಬಳವಿದ್ದರೆ, ಎರಡು ಹೆರಿಗೆ ಒಟ್ಟಿಗೆ ಬಂದ ರಾತ್ರಿ 5 ನಿಮಿಷಕ್ಕೊಮ್ಮೆ ಬಡಿತ ಆಲಿಸುವವರು ಯಾರೆಂದು ಅಧ್ಯಕ್ಷರನ್ನು ಕೇಳುತ್ತೇನೆ.