ಕುರುಂದವಾಡದಿಂದ ಇಲಿನಾಯ್‌ಗೆ ಒಂದು ಸೆಮಿಸ್ಟರ್

ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನಲ್ಲಿರುವ ನಮ್ಮ ಕುರುಂದವಾಡಕ್ಕೆ ಹೊರಗಿನವರು ಬರುವುದು ಹೆಚ್ಚಾಗಿ ನರಸೋಬಾವಾಡಿಗೆ ಬಂದವರು ಇಲ್ಲಿಗೂ ಒಂದಿಷ್ಟು ಹಾಯ್ದು ಹೋಗೋಣವೆಂದು. ಪಂಚಗಂಗೆ ಕೃಷ್ಣೆಯನ್ನು ಕೂಡುವ ಈ ಸಂಗಮದ ನೆಲದಲ್ಲಿ ಕಬ್ಬು ಬಿಟ್ಟರೆ ಕಣ್ಣಿಗೆ ಬೀಳುವುದು ನದಿಯ ಘಾಟು, ದೇವಾಲಯಗಳು, ಪಟವರ್ಧನರ ಕಾಲದ ಹಳೆಯ ಕಟ್ಟಡಗಳು. 1948ರಲ್ಲಿ ಸಂಸ್ಥಾನ ವಿಲೀನವಾದ ಮೇಲೆ ಊರು ಸಾಮಾನ್ಯ ಪೇಟೆಯಾಯಿತು. ನಮ್ಮಂಥವರ ಮನೆಗಳಲ್ಲಿ ಒಳಗೆ ಕನ್ನಡ, ಅಂಗಡಿಯ ಕಟ್ಟೆಯ ಮೇಲೆ ಮರಾಠಿ. ಎರಡೂ ನಮಗೆ ಸರಾಗ, ಯಾವುದೂ ಪರಕೀಯವಲ್ಲ.

ಈ ಊರಿನಲ್ಲಿಯೇ 1878ರಲ್ಲಿ ಅಣ್ಣಾಸಾಹೇಬ ಲಠ್ಠೆಯವರು ಹುಟ್ಟಿದರು. ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯನ್ನು 1899ರಲ್ಲಿ ಕಟ್ಟಿದವರಲ್ಲಿ ಅವರು ಪ್ರಮುಖರು. ಮುಂದೆ ಕೊಲ್ಹಾಪುರದ ದಿವಾನರಾದರು, 1937ರಲ್ಲಿ ಮುಂಬಯಿ ಪ್ರಾಂತದ ಅರ್ಥಮಂತ್ರಿಗಳಾದರು. ಜೈನ ಧರ್ಮವನ್ನು ಕುರಿತು 1905ರಲ್ಲಿಯೇ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ನಮ್ಮಲ್ಲಿ ಮಕ್ಕಳನ್ನು ಓದಿಗೆ ಊರು ಬಿಡಿಸುವ ಮಾತು ಬಂದಾಗಲೆಲ್ಲ ಹಿರಿಯರು ಲಠ್ಠೆಯವರ ಹೆಸರು ತೆಗೆಯುತ್ತಾರೆ. ಆದರೆ ಆ ಹೆಸರು ತೆಗೆಯುವುದು ಗಂಡುಮಕ್ಕಳ ವಿಷಯ ಬಂದಾಗ ಮಾತ್ರ ಎಂಬುದನ್ನೂ ಹೇಳಬೇಕು.

2019ರಲ್ಲಿ ನಮ್ಮ ಮಗಳು ಆಹಾರ ತಂತ್ರಜ್ಞಾನದ ಮೂರನೆಯ ವರ್ಷದಲ್ಲಿದ್ದಳು. ಅವಳ ಕಾಲೇಜಿಗೂ ಅಮೆರಿಕದ ಇಲಿನಾಯ್ ರಾಜ್ಯದ ಒಂದು ವಿಶ್ವವಿದ್ಯಾನಿಲಯಕ್ಕೂ ವಿದ್ಯಾರ್ಥಿ ವಿನಿಮಯದ ಒಪ್ಪಂದವಿತ್ತು. ಆಗಸ್ಟಿನಿಂದ ಡಿಸೆಂಬರಿನವರೆಗೆ ಒಂದು ಸೆಮಿಸ್ಟರ್. ಹೆಸರು ಬಂದಿದೆ ಎಂದು ಅವಳು ಫೋನಿನಲ್ಲಿ ಹೇಳಿದ ದಿನ ಮನೆಯಲ್ಲಿ ಯಾರೂ ಸಂತೋಷಪಡಲಿಲ್ಲ. ನಮ್ಮ ತಾಯಿಯವರು ಕೇಳಿದ್ದು ಒಂದೇ ಮಾತು: "ಅಲ್ಲಿ ಹೊತ್ತು ಮುಣಗೂದ್ರಾಗ ಊಟಾ ಹಾಕ್ತಾರೇನು?"

ವ್ಯಾಪಾರಸ್ಥರಿಗೆ ಲೆಕ್ಕ ಮೊದಲು ಹೇಳುವುದೇ ಸರಿ. ವಿನಿಮಯದಲ್ಲಿ ಹೋದವರು ಅಲ್ಲಿಯ ಬೋಧನಾ ಶುಲ್ಕ ಕೊಡಬೇಕಾಗಿಲ್ಲ. ತಮ್ಮ ಕಾಲೇಜಿನ ಶುಲ್ಕವನ್ನೇ ಇಲ್ಲಿ ಕಟ್ಟುತ್ತಾರೆ. ಕೋಣೆ, ಊಟ, ವಿಮೆ, ವಿಮಾನ, ವೀಸಾ ನಮ್ಮದು. ಆ ವರ್ಷ ವೀಸಾ ಅರ್ಜಿಗೆ 160 ಡಾಲರ್. ಇದಲ್ಲದೆ ಅಮೆರಿಕ ಸರಕಾರದ ದಾಖಲಾತಿ ಶುಲ್ಕವೊಂದುಂಟು. ವಿನಿಮಯದವರಿಗೆ ಅದು ಜೂನ್ 24ರಂದು 180ರಿಂದ 220 ಡಾಲರಿಗೆ ಏರಿತು. ನಾವು ಅದಕ್ಕೆ ನಾಲ್ಕು ದಿನ ಮೊದಲೇ ಕಟ್ಟಿದ್ದೆವು. ಸರಕಿನ ದರ ಏರುವ ಮುನ್ನ ಖರೀದಿ ಮಾಡಿದ ಸಮಾಧಾನ! ಡಾಲರಿಗೆ ಸುಮಾರು 70 ರೂಪಾಯಿ ಇದ್ದ ಕಾಲ. ಎಲ್ಲ ಸೇರಿ ಆರು ಲಕ್ಷದ ಹತ್ತಿರ ಬಂದಿತು. ಮದುವೆಗೆಂದು ಕೂಡಿಟ್ಟದ್ದರಲ್ಲಿ ಅದು ದೊಡ್ಡ ಪಾಲೇ. ಬೀಗರಾಗಬಹುದಾದವರು ಏನೆಂದಾರು ಎಂದು ನೆಂಟರು ನಮ್ಮ ಎದುರಿಗೇ ಅಂದರು.

ಇದನ್ನೆಲ್ಲ ಯೋಚಿಸುತ್ತಿದ್ದಾಗ ನಮಗೆ ಹೆಚ್ಚು ಧೈರ್ಯ ಕೊಟ್ಟದ್ದು ಕೊಲ್ಹಾಪುರ ಪೇಟೆಯ ಒಂದು ಹಳೆಯ ಕಟ್ಟಡ. ಸಿ.ಪಿ.ಆರ್. ಆಸ್ಪತ್ರೆ ಎಂದು ಎಲ್ಲರೂ ಕರೆಯುವ ಅದರ ಮೊದಲಿನ ಹೆಸರು ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆ. 1886ರಲ್ಲಿ ಅದರ ಸ್ತ್ರೀ ವಿಭಾಗಕ್ಕೆ ನೇಮಕಗೊಂಡವರು ಡಾ. ಆನಂದೀಬಾಯಿ ಜೋಶಿ. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಅದೇ ವರ್ಷದ ಮಾರ್ಚ್‌ನಲ್ಲಿ ಪದವಿ ಪಡೆದು ಬಂದಿದ್ದರು. ಅವರು ಅಮೆರಿಕಕ್ಕೆ ಹೋದ ಕಥೆಯ ಎಳೆಯೂ ಕೊಲ್ಹಾಪುರದ್ದೇ. 1852ರಿಂದ ಕೊಲ್ಹಾಪುರದಲ್ಲಿ ವರ್ಷಗಟ್ಟಲೆ ಇದ್ದ ರಾಯಲ್ ವೈಲ್ಡರ್ ಎಂಬ ಅಮೆರಿಕನ್ ಪಾದ್ರಿ ತಾಯ್ನಾಡಿಗೆ ಮರಳಿ ಪ್ರಿನ್ಸ್‌ಟನ್ನಿನಲ್ಲಿ ಒಂದು ಪತ್ರಿಕೆ ನಡೆಸುತ್ತಿದ್ದರು. ಹೆಂಡತಿಯನ್ನು ಓದಿಸಬೇಕೆಂದು ಅಂಚೆ ಇಲಾಖೆಯ ನೌಕರ ಗೋಪಾಳರಾವ ಜೋಶಿಯವರು ಕಾಗದ ಬರೆದದ್ದು ಇವರಿಗೇ. ಪತ್ರಿಕೆಯಲ್ಲಿ ಅಚ್ಚಾದ ಆ ಪತ್ರವನ್ನು ಹಲ್ಲಿನ ವೈದ್ಯರ ಕೋಣೆಯಲ್ಲಿ ಸರದಿ ಕಾಯುತ್ತಿದ್ದ ಕಾರ್ಪೆಂಟರ್ ಎಂಬ ಹೆಣ್ಣುಮಗಳು ಓದಿ, ತಾನಾಗಿ ಸಹಾಯಕ್ಕೆ ಬಂದಳು. 1883ರಲ್ಲಿ ಹದಿನೆಂಟು ವರ್ಷದ ಆನಂದೀಬಾಯಿ ಕಲ್ಕತ್ತೆಯಿಂದ ಹಡಗು ಹತ್ತಿದರು. ಹೊರಡುವ ಮೊದಲು ಸೀರಾಂಪುರದ ಸಭೆಯಲ್ಲಿ, ಹಿಂದುವಾಗಿಯೇ ಹೋಗುತ್ತೇನೆ, ಹಿಂದುವಾಗಿಯೇ ಬರುತ್ತೇನೆ ಎಂದು ಹೇಳಿದ್ದರು. ಅಲ್ಲಿಯ ಚಳಿಯಲ್ಲಿ ಸೀರೆ ಬಿಡಲಿಲ್ಲ, ಮಾಂಸ ಮುಟ್ಟಲಿಲ್ಲ. ಆದರೆ ದೇಹ ಸೋತಿತು. ಕೊಲ್ಹಾಪುರದ ಕೆಲಸಕ್ಕೆ ನಿಲ್ಲುವ ಮೊದಲೇ ಕ್ಷಯ ಬಲಿತು, 1887ರ ಫೆಬ್ರುವರಿಯಲ್ಲಿ ಪುಣೆಯಲ್ಲಿ ತೀರಿಕೊಂಡರು. ಇಪ್ಪತ್ತೆರಡು ತುಂಬಿರಲಿಲ್ಲ.

ಇದರಿಂದ ಧೈರ್ಯ ಹೇಗೆ ಬಂತು ಎಂದು ಓದುಗರು ಕೇಳಬಹುದು. ವ್ರತ ಉಳಿಸಿಕೊಂಡು ಅಲ್ಲಿ ಓದಬಹುದು, ಆದರೆ ಬೆಚ್ಚನೆಯ ಬಟ್ಟೆ, ಹೊಟ್ಟೆತುಂಬ ಊಟ, ವೈದ್ಯರ ವ್ಯವಸ್ಥೆ ಇರಬೇಕು ಎಂಬುದು ನಮಗೆ ಆ ಕಥೆಯಿಂದ ತಿಳಿಯಿತು. ಒಂದು ಒಳ್ಳೆಯ ಕೋಟು, ಎರಡು ಜೊತೆ ಉಣ್ಣೆಯ ಒಳ ಉಡುಪು ಪಟ್ಟಿಯಲ್ಲಿ ಮೊದಲಿಗೆ ಸೇರಿದವು. ವಿನಿಮಯ ವೀಸಾದವರಿಗೆ ಒಂದೊಂದು ಕಾಯಿಲೆಗೆ ಕನಿಷ್ಠ ಒಂದು ಲಕ್ಷ ಡಾಲರಿನ ವಿಮೆ ಇರಲೇಬೇಕೆಂಬ ನಿಯಮವುಂಟು. ನಮಗೆ ಅದು ಹೊರೆ ಎನಿಸಲಿಲ್ಲ.

ನಮ್ಮ ಸಮಾಜದವರಿಗೂ ಈ ದಾರಿ ಹೊಸದಲ್ಲ. 1893ರ ಶಿಕಾಗೊ ಸರ್ವಧರ್ಮ ಸಮ್ಮೇಳನಕ್ಕೆ ಕರೆ ಬಂದದ್ದು ಆಚಾರ್ಯ ಆತ್ಮಾರಾಮಜಿಯವರಿಗೆ. ಮುನಿಗಳು ಹಡಗು ಹತ್ತುವಂತಿಲ್ಲವಾದ್ದರಿಂದ ಮಹುವಾದ ಗೃಹಸ್ಥ ವೀರಚಂದ ಗಾಂಧಿಯವರನ್ನು ಕಳಿಸಿದರು. ಕಡಲು ದಾಟಿದರೆಂದು ಅವರ ಮೇಲೂ ಗದ್ದಲವಾಯಿತು. ಕನ್ನಡ ನಾಡಿನವರೇ ಆದ ಪದ್ಮನಾಭ ಜೈನಿಯವರು ಮೂಡಬಿದಿರೆ ಸಮೀಪದ ನೆಲ್ಲಿಕಾರಿನಲ್ಲಿ 1923ರಲ್ಲಿ ಹುಟ್ಟಿ, ಕಾರಂಜದ ಆಶ್ರಮದಲ್ಲಿ ಓದಿ, 1972ರಿಂದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದರು, 2021ರಲ್ಲಿ ನಿಧನರಾದರು. ಜೈನ ಮಾರ್ಗವನ್ನು ವಿವರಿಸುವ ಅವರ 1979ರ ಗ್ರಂಥ ನಮ್ಮ ಮಗಳಿಗೆ ಸಿಕ್ಕಿದ್ದು ಇಲಿನಾಯ್‌ನ ಗ್ರಂಥಾಲಯದಲ್ಲಿ. ಹದಿಮೂರು ಸಾವಿರ ಕಿಲೋಮೀಟರ್ ಹೋಗಿ ನಮ್ಮ ಧರ್ಮದ ಪುಸ್ತಕ ಓದಿದಳೆಂದು ನಾವು ನಕ್ಕೆವು.

ಇನ್ನು ಹೊರಟ ಸಂಗತಿ. 2019ರ ಆಗಸ್ಟ್ ಮೊದಲ ವಾರ ನಮ್ಮ ಭಾಗದವರಾರೂ ಮರೆಯುವಂತಿಲ್ಲ. ಕೊಲ್ಹಾಪುರದ ರಾಜಾರಾಮ ಬಂಧಾರದ ಹತ್ತಿರ ಪಂಚಗಂಗೆಯ ಅಪಾಯದ ಮಟ್ಟ 43 ಅಡಿ. ನೀರು 55 ಅಡಿ ದಾಟಿತು. 2005ರ ಮಹಾಪೂರವನ್ನು ನೋಡಿದ್ದ ಹಿರಿಯರು ಅಷ್ಟರ ಮೇಲೆ ಬರಲಾರದು ಎನ್ನುತ್ತಿದ್ದರು, ಬಂದೇ ಬಂತು. ಅಕ್ಕಿ, ಸಕ್ಕರೆ ಮೂಟೆಗಳನ್ನು ಅಟ್ಟಕ್ಕೇರಿಸಿ, ತಾಯಿಯವರನ್ನೂ ಮಗಳ ಎರಡು ಸೂಟ್‌ಕೇಸುಗಳನ್ನೂ ಇಚಲಕರಂಜಿಯ ನೆಂಟರಲ್ಲಿಗೆ ಒಯ್ದೆವು. ಪಾಸ್‌ಪೋರ್ಟು, ವೀಸಾ ಕಾಗದಗಳನ್ನು ಮಗಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಪುಣೆ-ಬೆಂಗಳೂರು ಹೆದ್ದಾರಿ ಕೊಲ್ಹಾಪುರದ ಹತ್ತಿರ ಸುಮಾರು ಒಂದು ವಾರ ಬಂದಾಯಿತು. ವಿಮಾನ 16ರಂದು. ಹೆದ್ದಾರಿ ತೆರೆದ ಮೇಲೆ 14ರ ಬೆಳಿಗ್ಗೆ ಅವಳನ್ನು ಕರೆದುಕೊಂಡು ಮುಂಬಯಿಗೆ ಹೊರಟಾಗ ನಮ್ಮ ಅಂಗಡಿಯಲ್ಲಿ ಇನ್ನೂ ಮೊಣಕಾಲುದ್ದ ರಾಡಿ. "ನಾನು ಹೋಗೂದು ಬ್ಯಾಡ ಅಪ್ಪಾ, ಮುಂದಿನ ವರ್ಷ ನೋಡೂಣು" ಎಂದಳು. ತಾಯಿಯವರೇ ಗದರಿಸಿದರು: "ರಾಡಿ ಬಳಿಯಾಕ ಆಳ ಸಿಗ್ತಾರ. ನೀ ಹೊಂಡು." ಅಷ್ಟು ದಿನ ಬೇಡವೆಂದವರೂ ಅವರೇ.

ಇಲಿನಾಯ್ ಎಂದರೆ ನಾವು ಶಿಕಾಗೊದ ಎತ್ತರದ ಕಟ್ಟಡಗಳೆಂದುಕೊಂಡಿದ್ದೆವು. ಅವಳು ಕಳಿಸಿದ ಚಿತ್ರಗಳಲ್ಲಿ ಇದ್ದದ್ದು ಮೆಕ್ಕೆಜೋಳ ಮತ್ತು ಸೋಯಾಬೀನ್, ದಿಗಂತದವರೆಗೆ. ಅಮೆರಿಕದಲ್ಲಿ ಸೋಯಾಬೀನ್ ಬೆಳೆಯುವುದರಲ್ಲಿ ಆ ರಾಜ್ಯ ಮುಂದು. ನಮ್ಮ ದೇಶದಲ್ಲಿ ಸೋಯಾಬೀನ್ ಬೇಸಾಯ ಹರಡಿದ್ದರಲ್ಲಿಯೂ ಅದರ ಪಾಲಿದೆ: 1960ರಲ್ಲಿ ಪಂತನಗರದ ಕೃಷಿ ವಿಶ್ವವಿದ್ಯಾನಿಲಯ ಕಟ್ಟಲು ಇಲಿನಾಯ್ ವಿಶ್ವವಿದ್ಯಾನಿಲಯ ನೆರವಾಯಿತು, ಸೋಯಾಬೀನಿನ ಪ್ರಯೋಗಗಳೂ ಆ ಸಹಕಾರದಿಂದ ನಡೆದವು. ಇಂದು ಸಾಂಗಲಿ, ಕೊಲ್ಹಾಪುರದ ಅಡತಿಗಳಲ್ಲಿ ಸೋಯಾಬೀನ್ ಮಾರುವವರಿಗೆ ಈ ಸಂಬಂಧ ತಿಳಿದಿರಲಾರದು.

ಪಾಠದ ರೀತಿ ಬೇರೆ. ಕನಿಷ್ಠ 12 ಕ್ರೆಡಿಟ್ ತೆಗೆದುಕೊಳ್ಳಬೇಕು. ವರ್ಷದ ಕೊನೆಯ ಪರೀಕ್ಷೆಗೆಂದು ಕಂಠಪಾಠ ಮಾಡುವುದಿಲ್ಲ. ವಾರವಾರವೂ ಬರೆದುಕೊಡಬೇಕು, ಒಂದು ವಾಕ್ಯ ಎತ್ತಿ ಬರೆದರೂ ದೊಡ್ಡ ಅಪರಾಧ. ಪ್ರಾಧ್ಯಾಪಕರ ಎದುರು ಕೂತು ವಾದಿಸಬಹುದು. ಇದು ಅವಳಿಗೆ ತಿಂಗಳೊಳಗೆ ರೂಢಿಯಾಯಿತು. ಕಷ್ಟವಾದದ್ದು ಊಟವೇ.

ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಒಲೆ ಇಡುವಂತಿಲ್ಲ, ಮೈಕ್ರೋವೇವ್ ಒಂದಿತ್ತು. ಭೋಜನಶಾಲೆಯಲ್ಲಿ ಸಸ್ಯಾಹಾರವೆಂದು ಬರೆದ ಪಾತ್ರೆಗಳಿಗೆ ಕೊರತೆಯಿಲ್ಲ. ಆದರೆ ತರಕಾರಿ ಸೂಪಿನ ನೀರು ಕೋಳಿಯದಾಗಿರಬಹುದು, ಬ್ರೆಡ್ಡಿನಲ್ಲಿ ಮೊಟ್ಟೆ ಇರಬಹುದು, ಚೀಸ್ ಹೆಪ್ಪುಗಟ್ಟಿಸಲು ಕರುವಿನ ಜಠರದ ರಸ ಹಾಕಿರಬಹುದು, ಬಣ್ಣದ ಸಿಹಿಗಳಲ್ಲಿ ಜಿಲೆಟಿನ್ ಇರಬಹುದು. ಅವಳು ಓದುತ್ತಿದ್ದ ವಿಷಯವೂ ಅದೇ ಆದ್ದರಿಂದ ಅಡುಗೆಯವರನ್ನು ಹಿಡಿದು ಕೇಳುತ್ತಿದ್ದಳು. ಎರಡು ವಾರದಲ್ಲಿ ಅವರೇ ಇವಳನ್ನು ಕಂಡರೆ ಡಬ್ಬದ ಚೀಟಿ ತೋರಿಸತೊಡಗಿದರು. ಗಡ್ಡೆಗೆಣಸು ಬಿಡುವವರಿಗೆ ಆ ದೇಶದಲ್ಲಿ ಆಲೂಗಡ್ಡೆ ತಪ್ಪಿಸುವುದೇ ದೊಡ್ಡ ಕೆಲಸ. ಮನೆಯಿಂದ ಒಯ್ದ ಶೇಂಗಾ ಚಟ್ನಿಪುಡಿ, ಅವಲಕ್ಕಿ, ಖಾಕ್ರಾ, ಮೆಂತ್ಯದ ಹಿಟ್ಟು ಅಕ್ಟೋಬರಿನವರೆಗೆ ಬಂದವು. ವಿಮಾನ ನಿಲ್ದಾಣದಲ್ಲಿ ತಿಂಡಿ ಇದೆ ಎಂದು ಚೀಟಿಯಲ್ಲಿ ಬರೆದು ತೋರಿಸಿದ್ದರಿಂದ ಯಾರೂ ತೆಗೆಯಲಿಲ್ಲ. ಬಚ್ಚಿಟ್ಟವರದ್ದು ಕಸದ ಬುಟ್ಟಿಗೆ ಹೋಗುತ್ತದೆ.

ಪ್ರಯೋಗಾಲಯದಲ್ಲಿ ಒಂದು ದಿನ ಮಾಂಸದ ಪದಾರ್ಥದ ರುಚಿ ನೋಡಿ ಅಂಕ ಹಾಕುವ ಪಾಠ ಬಂದಿತು. ಹಿಂದಿನ ವಾರವೇ ಪ್ರಾಧ್ಯಾಪಕಿಯ ಹತ್ತಿರ ಹೋಗಿ ತನಗೆ ಆಗದೆಂದು ಹೇಳಿದಳು. ಅವರು ಏಕೆಂದು ಕೇಳಿ, ಗೇಲಿ ಮಾಡದೆ, ಸೋಯಾ ಹಾಲಿನ ಬೇರೆ ಪ್ರಯೋಗ ಕೊಟ್ಟರು. ಕೇಳದಿದ್ದರೆ ಕೊಡುತ್ತಿರಲಿಲ್ಲ. ನಮ್ಮ ಮಕ್ಕಳು ಸಂಕೋಚಪಟ್ಟು ಸುಮ್ಮನಾಗುವುದೇ ಹೆಚ್ಚು.

ಸೆಪ್ಟೆಂಬರ್ 3ರಿಂದ 12ರವರೆಗೆ ದಶಲಕ್ಷಣ ಪರ್ವ. ಅದರ ನಡುವಿನ ಶನಿವಾರ ಬಸ್ಸಿನಲ್ಲಿ ಶಿಕಾಗೊಗೆ ಹೋಗಿ, ಅಲ್ಲಿಂದ ಬಾರ್ಟ್ಲೆಟ್ ಎಂಬ ಉಪನಗರದ ಬಸದಿಗೆ ಹೋದಳು. 1993ರಲ್ಲಿ ಆದ ಬಸದಿ ಅದು. ಅಮೆರಿಕದಲ್ಲಿ ದಿಗಂಬರ, ಶ್ವೇತಾಂಬರರು ಒಂದೇ ಸೂರಿನಡಿ ಪೂಜಿಸುವುದು ಸಾಮಾನ್ಯ. ಸಂಖ್ಯೆ ಕಡಿಮೆ ಇದ್ದಾಗ ಜಗಳಕ್ಕೆ ಜನ ಸಾಲುವುದಿಲ್ಲ! ಪೂಜೆ ಹಿಂದಿ, ಗುಜರಾತಿಯಲ್ಲಿ. ಹುಬ್ಬಳ್ಳಿ ಕಡೆಯ ಒಂದು ಕುಟುಂಬ ಕನ್ನಡ ಕೇಳಿ ಅವಳನ್ನು ಮನೆಗೇ ಕರೆದೊಯ್ದರು. ಅಲ್ಲಿ ಜೋಳದ ರೊಟ್ಟಿ ಕಂಡು ಅತ್ತಳಂತೆ.

ತಾಯಿಯವರ ಮೊದಲ ಪ್ರಶ್ನೆ ನಿಜವಾದದ್ದು ನವೆಂಬರಿನಲ್ಲಿ. ಆಗಸ್ಟಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಏಳೂಮುಕ್ಕಾಲಿಗೆ. ಆಗ ನಿಶ್ಚಿಂತೆ. ನವೆಂಬರ್ 3ರಂದು ದೇಶದ ಬಹುಭಾಗ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿತು. ಹಿಂದಿನ ದಿನ ಐದೂಮುಕ್ಕಾಲಿಗೆ ಮುಳುಗಿದ ಸೂರ್ಯ ಅಂದು ಐದರೊಳಗೇ ಮುಳುಗಿದ. ಡಿಸೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲೆ. ನಮ್ಮ ಕುರುಂದವಾಡದಲ್ಲಿ ಎಂಥ ಚಳಿಗಾಲದಲ್ಲೂ ಆರರ ಆಸುಪಾಸಿನವರೆಗೆ ಬೆಳಕಿರುತ್ತದೆ. ಭೋಜನಶಾಲೆಯ ರಾತ್ರಿ ಊಟ ಐದಕ್ಕೆ ಆರಂಭ. ಮಧ್ಯಾಹ್ನವೇ ಡಬ್ಬಿ ತುಂಬಿಕೊಂಡು ನಾಲ್ಕಕ್ಕೆ ಉಣ್ಣತೊಡಗಿದಳು. ಆದರೆ ಮಂಗಳವಾರ, ಗುರುವಾರ ಎರಡರಿಂದ ಐದರವರೆಗೆ ಪ್ರಯೋಗಾಲಯ, ಅಲ್ಲಿ ಏನನ್ನೂ ತಿನ್ನುವಂತಿಲ್ಲ. ಆ ಎರಡು ದಿನ ಒಪ್ಪತ್ತು. ಇದನ್ನು ಅವಳು ನಮ್ಮಿಂದ ಮುಚ್ಚಿಟ್ಟಿದ್ದಳು. ಫೋನಿನ ಚಿತ್ರದಲ್ಲಿ ಗಲ್ಲ ಇಳಿದದ್ದನ್ನು ಕಂಡು ಹಿಡಿದವರು ತಾಯಿಯವರು.

"ಉಪಾಸ ಬಿದ್ದು ಓದಾಕ ಕಳಿಸೀವೇನ ನಿನ್ನ? ಕತ್ಲಾದ ಮ್ಯಾಲೆ ಹಾಲು ಕುಡಿ, ಹಣ್ಣ ತಿನ್ನು."

"ಅಜ್ಜಿ, ನೀವ ವ್ರತಾ ಹೇಳಿದ್ರಿ."

"ನಾ ಹೇಳಿದ್ದು ನಮ್ಮ ಊರಾಗಿನ ಹೊತ್ತಿಗೆ."

ಮನೆಯಲ್ಲಿ ಇದರ ಮೇಲೆ ಚರ್ಚೆಯಾಯಿತು. ನಮ್ಮಲ್ಲಿ ಒಬ್ಬರಿಗೆ ಅದು ಸರಿ ಕಾಣಲಿಲ್ಲ, ಒಬ್ಬರಿಗೆ ಸರಿ ಕಂಡಿತು. ಇಂದಿಗೂ ಹಾಗೆಯೇ ಇದೆ. ಮಗಳು ಹಾಲು ಕುಡಿದಳು, ಧಾನ್ಯ ಮುಟ್ಟಲಿಲ್ಲ. ಡಿಸೆಂಬರ್ 20ರಂದು ಮುಂಬಯಿಯಲ್ಲಿ ಇಳಿದಾಗ ನಾಲ್ಕು ಕಿಲೋ ಕಡಿಮೆಯಾಗಿದ್ದಳು, ಮಾತು ಹೆಚ್ಚಾಗಿತ್ತು. ಅವಳ ನಂತರದ ಸೆಮಿಸ್ಟರಿಗೆ ಹೋದವರಿಗೆ 2020ರ ಮಾರ್ಚ್‌ನಲ್ಲಿ ಕೊರೋನಾದಿಂದ ವಿದ್ಯಾರ್ಥಿನಿಲಯಗಳೇ ಮುಚ್ಚಿದವು.

ಬಂದ ಮೇಲೆ ಇನ್ನೊಂದು ತೊಡಕು. ಅಲ್ಲಿಯ ಹನ್ನೆರಡು ಕ್ರೆಡಿಟ್‌ಗಳಲ್ಲಿ ಒಂಬತ್ತನ್ನು ಮಾತ್ರ ಇಲ್ಲಿ ಒಪ್ಪಿದರು, ಒಂದು ವಿಷಯವನ್ನು ಮತ್ತೆ ಬರೆಯಬೇಕಾಯಿತು. ಯಾವ ಪಾಠಕ್ಕೆ ಯಾವ ಪಾಠ ಸಮ ಎಂಬುದನ್ನು ಹೊರಡುವ ಮೊದಲೇ ಕಾಗದದ ಮೇಲೆ ಸಹಿ ಹಾಕಿಸಿಕೊಳ್ಳುವುದು ಒಳಿತು. ಬಾಯಿಮಾತಿನ ಸಾಲ ವಸೂಲಾಗುವುದಿಲ್ಲವೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ಈಗ ಅವಳು ಒಂದು ಆಹಾರ ಕಾರಖಾನೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಳೆ. ಮದುವೆಯೂ ಆಯಿತು, ನೆಂಟರು ಹೆದರಿಸಿದ ಪ್ರಶ್ನೆಯನ್ನು ಬೀಗರು ಕೇಳಲೇ ಇಲ್ಲ. ಪಕ್ಕದ ಓಣಿಯ ಹುಡುಗನೊಬ್ಬ ಈ ಸಲ ಅರ್ಜಿ ಹಾಕುತ್ತಿದ್ದಾನೆ. 160 ಡಾಲರ್ ಇದ್ದ ವೀಸಾ ಅರ್ಜಿಯ ಶುಲ್ಕ 2023ರಲ್ಲಿ 185ಕ್ಕೆ ಏರಿತೆಂದು, ಬೇರೆ ಖರ್ಚುಗಳೂ ಏರಿವೆಯೆಂದು ಅವನ ತಂದೆಗೆ ಲೆಕ್ಕ ಬರೆದುಕೊಟ್ಟೆವು. ತಾಯಿಯವರು ಅವನನ್ನು ಕರೆಸಿ ಕೇಳಿದ್ದು, ಅವನು ಹೋಗುವುದು ಆಗಸ್ಟಿನಲ್ಲೋ ಜನವರಿಯಲ್ಲೋ ಎಂದು. ಜನವರಿ ಎಂದಾಗ, "ಛಲೋ ಆತು, ಅಲ್ಲಿಂದ ಮುಂದ ಹೊತ್ತು ಬೆಳಕೋತ ಹೋಗತೈತಿ" ಎಂದರು.